‘ನಮಗೇಕೆ ರಾಜಕೀಯ?’ ಎನ್ನುವವರಿಗೆ

ಹೊರನಾಡಿನಲ್ಲಿ ಕನ್ನಡಿಗರು ನಾಲ್ವರು ಸೇರಿದ ಕಡೆ ತಪ್ಪದೆ ಕೇಳಿಬರುವ ಮಾತೊಂದಿದೆ: ‘ನಮಗೇಕೆ ರಾಜಕೀಯ?’ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಸ್ಥಳವಿದೆ, ಯಕ್ಷಗಾನಕ್ಕಿದೆ, ಹೋಳಿಗೆಯ ಊಟಕ್ಕಿದೆ. ದೇಶದ ಆಗುಹೋಗುಗಳನ್ನು ಕುರಿತು ಯಾರಾದರೂ ಬಾಯಿ ತೆರೆದರೆ ಮಾತ್ರ ‘ಇದು ಸಾಂಸ್ಕೃತಿಕ ವೇದಿಕೆ’ ಎಂಬ ಎಚ್ಚರಿಕೆ ಒಡನೆಯೇ ಬರುತ್ತದೆ. ಇದನ್ನು ಸಭ್ಯತೆಯೆಂದೂ ತಾಟಸ್ಥ್ಯವೆಂದೂ ಹೇಳಿಕೊಂಡು ನಾವು ನೆಮ್ಮದಿಯಿಂದಿದ್ದೇವೆ. ಇಂಥ ತಾಟಸ್ಥ್ಯಕ್ಕೆ ಈ ದೇಶ ಹಿಂದೊಮ್ಮೆ ತೆತ್ತ ಬೆಲೆ ಎಷ್ಟೆಂದು ಲೆಕ್ಕ ಹಾಕುವ ಗೋಜಿಗೆ ಹೋಗಿಲ್ಲ.

ಆ ಲೆಕ್ಕವನ್ನು 1975ರಿಂದ ಆರಂಭಿಸಬಹುದು. ಆ ವರ್ಷದ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ಸಹಿ ಬಿತ್ತು. ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದ ಪತ್ರಿಕಾಲಯಗಳಿಗೆ ವಿದ್ಯುತ್ತು ನಿಂತಿತು. ನಿಲ್ಲಿಸಬೇಕೆಂಬ ಆಜ್ಞೆ ಕಾಗದದ ಮೇಲೆ ಇರಲಿಲ್ಲ, ಬಾಯಿಮಾತಿನಲ್ಲಿ ಬಂದಿತ್ತು. ಬೆಳಗಾಗುವುದರೊಳಗೆ ಜಯಪ್ರಕಾಶ ನಾರಾಯಣರೇ ಮೊದಲಾದ ನಾಯಕರು ಬಂಧನದಲ್ಲಿದ್ದರು. ಕೇಂದ್ರ ಸಂಪುಟ ಸೇರಿದ್ದು ಇಷ್ಟೆಲ್ಲ ಮುಗಿದ ಮೇಲೆ, ಮರುದಿನ ಬೆಳಗ್ಗೆ. ಅಂದು ಒಬ್ಬ ಮಂತ್ರಿಯೂ ರಾಜೀನಾಮೆ ಕೊಡಲಿಲ್ಲ.

ಮುಂದಿನ 21 ತಿಂಗಳಲ್ಲಿ ನಡೆದದ್ದನ್ನು ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗದ ವರದಿಗಳು ದಾಖಲಿಸಿವೆ. ಒಂದು ಲಕ್ಷಕ್ಕೂ ಹೆಚ್ಚು ಜನ ಸೆರೆಮನೆ ಸೇರಿದರು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಎಷ್ಟೋ ಕಡೆ ಶಾಲಾ ಶಿಕ್ಷಕರ ಸಂಬಳವನ್ನೇ ಈ ಗುರಿಗೆ ಕಟ್ಟಿಹಾಕಲಾಯಿತು. ಇದೆಲ್ಲವೂ ಒಬ್ಬಿಬ್ಬರ ಕೈಯಿಂದ ಆಗುವ ಕೆಲಸವೇ? ವಿದ್ಯುತ್ತು ತೆಗೆಯಲು ಇಂಜಿನಿಯರು ಬೇಕು, ಬಂಧನದ ಆಜ್ಞೆಗೆ ಮ್ಯಾಜಿಸ್ಟ್ರೇಟರ ಸಹಿ ಬೇಕು, ಗುರಿ ಮುಟ್ಟಿಸಲು ವೈದ್ಯರು ಬೇಕು, ಪಟ್ಟಿ ತಯಾರಿಸಲು ಗುಮಾಸ್ತರು ಬೇಕು. ಮೊದಲು ಬಂಧಿಸಿ ಕಾರಣಗಳನ್ನು ಆಮೇಲೆ ಹೊಂದಿಸಿದ ಪ್ರಸಂಗಗಳೂ ಆಯೋಗದ ಮುಂದೆ ಬಂದವು. ಈ ಕಡತಗಳನ್ನು ಮುಂದೆ ಸಾಗಿಸಿದವರು ನನ್ನಂಥ ಅಧಿಕಾರಿಗಳೇ: ಸುಶಿಕ್ಷಿತರು, ಸಂಸಾರಸ್ಥರು, ರಾಜಕೀಯ ತಮಗೆ ಸೇರಿದ್ದಲ್ಲವೆಂದು ನಂಬಿದವರು. ಆದ್ದರಿಂದಲೇ ಆ ಯಂತ್ರ ಸರಾಗವಾಗಿ ಓಡಿತು.

ನ್ಯಾಯಪೀಠವೂ ಇದಕ್ಕೆ ಹೊರತಾಗಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಬಂಧಿತನಾದವನು ತನ್ನ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೇ? ಒಂಬತ್ತು ಹೈಕೋರ್ಟುಗಳು ಪ್ರಶ್ನಿಸಬಹುದು ಎಂದಿದ್ದವು. 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಇಲ್ಲ ಎಂದರು. ವಿಚಾರಣೆಯ ವೇಳೆ, ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದ್ದಕ್ಕೆ, ಇಲ್ಲವೆಂದೇ ಸರ್ಕಾರದ ಪರವಾಗಿ ಉತ್ತರ ಬಂದಿತ್ತು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಮುಖ್ಯ ನ್ಯಾಯಮೂರ್ತಿಯ ಸ್ಥಾನವನ್ನು ಕಳೆದುಕೊಂಡು ರಾಜೀನಾಮೆಯಿತ್ತರು. ಆ ಬಹುಮತದ ತೀರ್ಪು ಸ್ಪಷ್ಟವಾಗಿ ರದ್ದಾದದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಅದಕ್ಕೆ ಅರ್ಜಿ ಸಲ್ಲಿಸಿದ್ದವರು ಕನ್ನಡಿಗರೇ: ಎಂಬತ್ತೈದು ದಾಟಿದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಾಲ್ವರು ಆಡಬೇಕಾದಾಗ ಆಡದೆ ಹೋದ ಮಾತನ್ನು ಆಡಿ ಮುಗಿಸಲು ದೇಶಕ್ಕೆ 41 ವರ್ಷ ಬೇಕಾಯಿತು.

ಕನ್ನಡನಾಡಿನ ಪಾಲೂ ಈ ಲೆಕ್ಕದಲ್ಲಿದೆ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿರಿಸಲಾಯಿತು. ಅವರಿಗೆ ತೀವ್ರವಾದ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ಮಾತನಾಡಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಆದರೆ ಒಬ್ಬ ಕಾರಂತರ ಹೆಸರನ್ನು ಇಂದಿಗೂ ಎತ್ತಿ ಹೇಳಬೇಕಾಗಿ ಬಂದಿರುವುದೇ ಉಳಿದವರು ಎಷ್ಟು ಮೌನವಾಗಿದ್ದರೆಂಬುದಕ್ಕೆ ಸಾಕ್ಷಿ.

‘ನಾವು ಸರ್ಕಾರಿ ನೌಕರರು, ನಮ್ಮ ಕೈ ಕಟ್ಟಿದೆ’ ಎಂಬ ಸಮಾಧಾನ ಹೊರನಾಡ ಕನ್ನಡಿಗರಲ್ಲಿ ಬಹುಮಂದಿಯದು. 1964ರ ನಡತೆ ನಿಯಮಗಳು ಪಕ್ಷದ ಸದಸ್ಯತ್ವವನ್ನೂ ಚುನಾವಣಾ ಪ್ರಚಾರವನ್ನೂ ನಿಷೇಧಿಸುತ್ತವೆ; ನಿಷೇಧಿಸತಕ್ಕದ್ದೇ. ಆದರೆ ಅದೇ ನಿಯಮಗಳು ಮತದಾನದ ಹಕ್ಕನ್ನು ಉಳಿಸಿವೆ. ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕೆನ್ನುತ್ತವೆ. ಬಾಯಿಮಾತಿನ ಆಜ್ಞೆ ಬಂದರೆ ಅದನ್ನು ಬರಹದಲ್ಲಿ ದೃಢಪಡಿಸಿಕೊಳ್ಳುವುದು ನೌಕರನ ಕರ್ತವ್ಯವೆಂದೂ ಹೇಳುತ್ತವೆ. ‘ದಯವಿಟ್ಟು ಬರೆದು ಕೊಡಿ’ ಎನ್ನುವುದಕ್ಕೆ ಯಾವ ಪಕ್ಷದ ಬಾವುಟವೂ ಬೇಡ. ಕಡತದಲ್ಲಿ ಎರಡು ಸಾಲಿನ ಭಿನ್ನಾಭಿಪ್ರಾಯ ದಾಖಲಿಸುವುದಕ್ಕೂ ಬೇಡ. ನಿಯಮಗಳಲ್ಲಿ ನಮ್ಮ ಬಾಯಿ ಕಟ್ಟುವ ಸಾಲನ್ನು ಮಾತ್ರ ಕಂಠಪಾಠ ಮಾಡಿ, ಬೆನ್ನು ನೆಟ್ಟಗಿಡುವ ಸಾಲನ್ನು ಮರೆತಿರುವುದು ಅನುಕೂಲಶಾಸ್ತ್ರವೇ ಹೊರತು ಶಿಸ್ತಲ್ಲ.

ಇನ್ನು ಕೆಲವರದು ‘ನಾವು ಪರಸ್ಥಳದವರು, ಸುಮ್ಮನಿದ್ದರೆ ಕ್ಷೇಮ’ ಎಂಬ ವಾದ. 1960ರ ದಶಕದ ಕೊನೆಯ ವರ್ಷಗಳಲ್ಲಿ ಮುಂಬಯಿಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಕೂಗೆದ್ದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ, ನೆರೆಯವರು ನಮ್ಮ ಪರವಾಗಿ ನಾಲ್ಕು ಮಾತಾಡಲೆಂದು ನಾವು ಬಯಸಿರಲಿಲ್ಲವೇ? ಹಾಗಿದ್ದರೆ 1991ರ ಡಿಸೆಂಬರಿನಲ್ಲಿ ಕಾವೇರಿ ವಿವಾದದ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ಹಲ್ಲೆ ನಡೆದಾಗ ಎಷ್ಟು ಕನ್ನಡ ಸಂಘಗಳು ಖಂಡನಾ ನಿರ್ಣಯ ಮಾಡಿದವು? ಸಂಖ್ಯಾಬಲವಿಲ್ಲದವನಿಗೆ ಕಾನೂನೇ ಆಸರೆ. ಆ ಕಾನೂನು ಮುರಿಯುವಾಗ ಸುಮ್ಮನಿರುವ ಪರಸ್ಥಳದವನು ತಾನು ನಿಂತ ಕೊಂಬೆಯನ್ನು ಕಡಿಯುವವನಿಗೆ ಕೊಡಲಿ ಹಿಡಿದುಕೊಟ್ಟಂತೆ.

ಮೌನಂ ಸಮ್ಮತಿಲಕ್ಷಣಂ ಎಂಬುದನ್ನು ನಾವು ಮದುವೆಯ ಮಾತುಕತೆಗೆ ಮೀಸಲಿಟ್ಟಿದ್ದೇವೆ. ಅಧಿಕಾರದಲ್ಲಿರುವವರು, ಅವರು ಯಾವ ಪಕ್ಷದವರೇ ಆಗಿರಲಿ, ಅದನ್ನು ರಾಜ್ಯಶಾಸ್ತ್ರದ ಸೂತ್ರವೆಂದು ಬಲ್ಲರು. ಅವರಿಗೆ ನಮ್ಮ ಜಯಕಾರ ಬೇಕಾಗಿಲ್ಲ. ನಾವು ಸುಮ್ಮನಿದ್ದರೆ ಸಾಕು.

ಸಂಘಗಳು ಪಕ್ಷಗಳ ಅಂಗಳವಾಗಲಿ ಎಂದು ನಾನು ಹೇಳುತ್ತಿಲ್ಲ. ವರ್ಷದ ಹತ್ತು ಕಾರ್ಯಕ್ರಮಗಳಲ್ಲಿ ಒಂದು ಸಂಜೆಯಾದರೂ ಸಂವಿಧಾನದ ಒಂದು ವಿಧಿಯನ್ನೋ ಸಂಸತ್ತಿನ ಮುಂದಿರುವ ಒಂದು ಮಸೂದೆಯನ್ನೋ ಎತ್ತಿಕೊಂಡು ಪರ-ವಿರೋಧಗಳೆರಡನ್ನೂ ಕೇಳೋಣ. ಊರಿನ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಇಲ್ಲಿಯೂ ಅಲ್ಲಿಯೂ ಮತ ಹಾಕದ ಸದಸ್ಯರು ತಾವು ನೆಲೆಸಿದ ಊರಿನ ಮತದಾರರಾಗಲಿ. ಅನ್ಯಾಯ ಕಂಡಾಗ, ಅದು ನಮ್ಮವರ ಮೇಲಾಗಲಿ ನಮ್ಮವರಿಂದಾಗಲಿ, ಸಂಘದ ಕಾಗದದ ಮೇಲೆ ಸಂಘದ ಮೊಹರಿನೊಡನೆ ಒಂದು ನಿರ್ಣಯ ಹೋಗಲಿ. ಇಷ್ಟೂ ಆಗದೆಂದರೆ ‘ನಮಗೇಕೆ ರಾಜಕೀಯ’ ಎನ್ನುವುದನ್ನು ಬಿಟ್ಟು ‘ನಮಗೆ ಭಯ’ ಎಂದು ನೇರವಾಗಿ ಹೇಳೋಣ; ಅದರಲ್ಲಿ ಪ್ರಾಮಾಣಿಕತೆಯಾದರೂ ಇರುತ್ತದೆ.