ಸ್ನಾನ ಬಿಡಿಸಬೇಡಿ
ಮಗುವಿಗೆ ಸೀತಾಳೆ ಸಿಡುಬು ಎದ್ದರೆ ಸೇಡಂ, ಚಿತ್ತಾಪುರದ ಕಡೆ ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲುವುದು ಸ್ನಾನ. ಇದು ವೈರಸ್ಸಿನ ರೋಗ, ನೀರಿನಿಂದ ಹೆಚ್ಚುವುದಿಲ್ಲ. ನಮ್ಮ ಬೇಸಿಗೆಯಲ್ಲಿ, ಕಾದ ಶಹಾಬಾದ್ ಕಲ್ಲಿನ ಚಾವಣಿಯಡಿ, ಬೆವರಿದಷ್ಟೂ ತುರಿಕೆ ಹೆಚ್ಚುತ್ತದೆ. ಹಿರಿಯರು ಮುನಿಸಿಕೊಂಡರೂ ಸರಿ, ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆಯಿರಿ. ಉಜ್ಜದೆ ಮೆತ್ತಗೆ ಒತ್ತಿ ಒರೆಸಿ, ಸಡಿಲವಾದ ಹತ್ತಿಯ ಅಂಗಿ ತೊಡಿಸಿ. ಕ್ಯಾಲಮೈನ್ ಲೋಷನ್ ಹಚ್ಚಬಹುದು, ಕಣ್ಣು-ಬಾಯಿಯ ಹತ್ತಿರ ಬೇಡ. ಉಗುರು ಕತ್ತರಿಸಿ, ಕೆರೆದ ಗುಳ್ಳೆ ಕೀವು ತುಂಬಿದರೆ ಕಲೆ ಉಳಿಯುತ್ತದೆ. ಎದೆಹಾಲು ನಿಲ್ಲಿಸಬೇಡಿ.

ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೇನ್ ಬೇಡವೇ ಬೇಡ. ಪ್ಯಾರಸಿಟಮಾಲ್ ಕೂಡ ಮಗುವಿನ ತೂಕ ನೋಡಿ ವೈದ್ಯರು ಹೇಳಿದಷ್ಟೇ. ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟುವವರೆಗೆ ಗರ್ಭಿಣಿಯರು ಹತ್ತಿರ ಬರಬಾರದು. ನೋಡಲು ಬರುವ ನೆಂಟರಿಗೆ ಇದನ್ನು ಸಂಕೋಚವಿಲ್ಲದೆ ಹೇಳಿ. ತಿಂಗಳು ತುಂಬದ ಕೂಸಿಗೆ ಗುಳ್ಳೆ ಕಂಡರೆ, ಇಲ್ಲವೇ ಮಗು ಹಾಲು ಬಿಟ್ಟು ಮಂಕಾಗಿ ಮಲಗಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.