ಪುಟಾಣಿ ಪ್ರೇಕ್ಷಕರು ಮತ್ತು ಇಲಿಗಳ ರಾಜ

ಡಿಸೆಂಬರ್ ಬಂತೆಂದರೆ ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ತಂದೆ ತಾಯಂದಿರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಊರಿನ ರಂಗಮಂದಿರದ ಮುಂದೆ ‘ನಟ್‌ಕ್ರ್ಯಾಕರ್’ ಬ್ಯಾಲೆಯ ಭಿತ್ತಿಪತ್ರ ಬಿದ್ದಿರುತ್ತದೆ. ಶಿಶುವಿಹಾರದ ಗೆಳತಿಯರೆಲ್ಲ ಹೊರಟಿದ್ದಾರೆ. ಮನೆಯ ಮೂರೂವರೆ ವರ್ಷದ ಪುಟ್ಟಿಯೂ ತಾನು ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ. ಟಿಕೆಟ್ಟಿನ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಷ್ಟು ಹಣ ಕೊಟ್ಟು ಕರೆದುಕೊಂಡು ಹೋದ ಮೇಲೆ ಹತ್ತೇ ನಿಮಿಷಕ್ಕೆ ಮಗು ಅಳಲು ಶುರು ಮಾಡಿದರೆ? ಅಕ್ಕಪಕ್ಕದವರು ಕಣ್ಣು ಕೆಕ್ಕರಿಸಿ ನೋಡಿದರೆ? ಅಷ್ಟಕ್ಕೂ ಆ ವಯಸ್ಸಿನ ಮಗುವಿಗೆ ಬ್ಯಾಲೆ ಅರ್ಥವಾಗುತ್ತದೆಯೇ?

ಪ್ರಶ್ನೆ ಪರದೇಶದ್ದಾದರೂ ಅದರ ಒಳಗಿನ ಅಳುಕು ನಮಗೆಲ್ಲ ಪರಿಚಿತವೇ. ಭರತನಾಟ್ಯ ಕಾರ್ಯಕ್ರಮಕ್ಕೋ ನಾಟಕಕ್ಕೋ ಚಿಕ್ಕ ಮಗುವನ್ನು ಎತ್ತಿಕೊಂಡು ಹೊರಟವರೆಲ್ಲ ಇದೇ ಲೆಕ್ಕಾಚಾರ ಹಾಕಿದವರು. ಹಾಗಾಗಿ ಈ ವಾರ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ನಟ್‌ಕ್ರ್ಯಾಕರ್ ಎಂದರೇನು ಎಂಬುದು. ಅಡಿಕೆ ಒಡೆಯುವ ಅಡಕತ್ತರಿಯಂತೆ, ಗಟ್ಟಿ ಚಿಪ್ಪಿನ ಬೀಜಗಳನ್ನು ಒಡೆಯುವ ಮರದ ಗೊಂಬೆ ಅದು. ಸಿಪಾಯಿಯ ವೇಷ, ದೊಡ್ಡ ಬಾಯಿ. ಜರ್ಮನಿಯ ಹಾಫ್‌ಮನ್ 1816ರಲ್ಲಿ ಈ ಗೊಂಬೆಯ ಮೇಲೊಂದು ಕಥೆ ಬರೆದ. ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾ ಅದನ್ನು ತನ್ನ ರೀತಿಯಲ್ಲಿ ತಿದ್ದಿ ಹೇಳಿದ. ಆ ರೂಪಕ್ಕೆ ರಷ್ಯಾದ ಚೈಕೋವ್‌ಸ್ಕಿ ಸಂಗೀತ ಕೊಟ್ಟ. 1892ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಮಾರಿನ್‌ಸ್ಕಿ ರಂಗಮಂದಿರದಲ್ಲಿ ಮೊದಲ ಪ್ರದರ್ಶನವಾಯಿತು. ಕಥೆ ಸರಳ. ಕ್ರಿಸ್‌ಮಸ್ ಹಿಂದಿನ ಸಂಜೆ ಕ್ಲಾರಾ ಎಂಬ ಹುಡುಗಿಗೆ ಈ ಗೊಂಬೆ ಉಡುಗೊರೆಯಾಗಿ ಬರುತ್ತದೆ. ತುಂಟ ತಮ್ಮ ಅದನ್ನು ಮುರಿಯುತ್ತಾನೆ. ನಡುರಾತ್ರಿಯಲ್ಲಿ ಇಲಿಗಳ ರಾಜ ದಂಡೆತ್ತಿ ಬರುತ್ತಾನೆ, ಗೊಂಬೆ ಸಿಪಾಯಿಗಳು ಎದ್ದು ಕಾದಾಡುತ್ತವೆ. ಹುಡುಗಿ ತನ್ನ ಪಾದರಕ್ಷೆಯನ್ನೇ ಇಲಿರಾಜನತ್ತ ಎಸೆದು ಗೊಂಬೆಯನ್ನು ಉಳಿಸುತ್ತಾಳೆ. ಗೊಂಬೆ ರಾಜಕುಮಾರನಾಗಿ ಅವಳನ್ನು ಹಿಮದ ಕಾಡಿನ ಮೂಲಕ ಮಿಠಾಯಿಗಳ ನಾಡಿಗೆ ಕರೆದೊಯ್ಯುತ್ತಾನೆ.

ಸ್ವಾರಸ್ಯವೆಂದರೆ, ಮೊದಲ ಪ್ರದರ್ಶನದ ಬಗ್ಗೆ ವಿಮರ್ಶಕರು ತೆಗೆದ ದೊಡ್ಡ ತಕರಾರುಗಳಲ್ಲಿ ಒಂದು, ರಂಗದ ಮೇಲೆ ಮಕ್ಕಳು ಹೆಚ್ಚಾದರು ಎಂಬುದು! ಮುಖ್ಯ ನರ್ತಕಿ ಬರುವುದೇ ಎರಡನೆಯ ಅಂಕದಲ್ಲಿ, ಅಲ್ಲಿಯವರೆಗೂ ಬರೀ ಹುಡುಗರ ಗಲಾಟೆ ಎಂದು ಅವರು ಮೂಗು ಮುರಿದರು. ಮರುವರ್ಷವೇ, ಅಂದರೆ 1893ರಲ್ಲಿ, ಚೈಕೋವ್‌ಸ್ಕಿ ತೀರಿಕೊಂಡ. ತನ್ನ ಈ ಕೃತಿ ಲೋಕದ ಮಕ್ಕಳ ಹಬ್ಬವಾಗುವುದನ್ನು ಅವನು ನೋಡಲಿಲ್ಲ. ಅಂದು ದೋಷವೆನಿಸಿದ್ದೇ ಮುಂದೆ ಗುಣವಾಯಿತು. ರಷ್ಯಾದಲ್ಲಿ ಬಾಲಕನಾಗಿದ್ದಾಗ ಇದೇ ಬ್ಯಾಲೆಯಲ್ಲಿ ಕುಣಿದಿದ್ದ ಜಾರ್ಜ್ ಬಾಲಂಚಿನ್ 1954ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆಗಾಗಿ ಅದನ್ನು ಹೊಸದಾಗಿ ಸಂಯೋಜಿಸಿದಾಗ ನಾಟ್ಯಶಾಲೆಯ ಹತ್ತಾರು ಮಕ್ಕಳನ್ನು ರಂಗಕ್ಕೆ ತಂದ. ಅವನ ರಂಗದ ಮೇಲಿನ ಕ್ರಿಸ್‌ಮಸ್ ಮರ ನೋಡನೋಡುತ್ತಿದ್ದಂತೆ 12 ಅಡಿಯಿಂದ 41 ಅಡಿಗೆ ಬೆಳೆಯುತ್ತದೆ. ಮೂರಡಿ ಎತ್ತರದ ಪ್ರೇಕ್ಷಕನಿಗೆ ಆ ನೋಟ ಹೇಗೆ ಕಾಣಬಹುದು ಎಂದು ಊಹಿಸಿಕೊಳ್ಳಿ.

ಇನ್ನು ಅರ್ಥವಾಗುತ್ತದೆಯೇ ಎಂಬ ಮಾತು. ದೊಡ್ಡವರಾದ ನಾವು ‘ಅರ್ಥ’ ಎಂದರೆ ಕಥೆ ಎಂದುಕೊಳ್ಳುತ್ತೇವೆ. ಚಿಕ್ಕ ಮಗುವಿಗೆ ಕಥೆಗಿಂತ ಮೊದಲು ಮೈ ಕಾಣುತ್ತದೆ. ಒಬ್ಬಳು ಬೆರಳ ತುದಿಯಲ್ಲಿ ನಿಂತದ್ದು, ಒಬ್ಬ ನೆಲ ಬಿಟ್ಟು ಮೇಲಕ್ಕೆ ಹಾರಿದ್ದು, ಇಪ್ಪತ್ತು ಜನ ಒಂದೇ ಸಲ ತಿರುಗಿದ್ದು, ವಾದ್ಯವೃಂದದ ಸದ್ದು ಎದೆಗೆ ಬಂದು ಬಡಿದದ್ದು. ಇವೆಲ್ಲ ದೂರದರ್ಶನದ ಪೆಟ್ಟಿಗೆಯಲ್ಲಾಗಲಿ ಕೈಯಲ್ಲಿ ಹಿಡಿದ ಮೊಬೈಲಿನಲ್ಲಾಗಲಿ ಸಿಗುವಂಥವಲ್ಲ. ಪರದೆಯ ಮೇಲಿನ ನರ್ತಕಿ ಅಂಗೈ ಅಗಲವಾದರೆ ರಂಗದ ಮೇಲಿನವಳು ಅಮ್ಮನಷ್ಟೇ ಎತ್ತರದವಳು. ಅವಳಿಗೆ ಬೆವರು ಬರುತ್ತದೆ, ಅವಳ ಕಾಲಿನ ಸಪ್ಪಳ ಕೇಳುತ್ತದೆ. ‘ಇವರು ನಿಜವಾದ ಮನುಷ್ಯರಾ?’ ಎಂದು ಮಗು ಕೇಳಿದರೆ ನಗಬೇಡಿ. ಅದಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆಯಿಲ್ಲ.

ಆದರೆ ಇದೇ ನಿಜತನ ಹೆದರಿಸಲೂಬಹುದು. ಸಭಾಂಗಣದ ದೀಪ ಆರುತ್ತದೆ. ಕತ್ತಲಲ್ಲಿ ಇಲಿಗಳು ಬರುತ್ತವೆ. ಬಾಲಂಚಿನ್ನನ ಇಲಿರಾಜನಿಗಂತೂ ಏಳು ತಲೆಗಳು. ಮೂರು ವರ್ಷದ ಮಗು ಇದನ್ನು ಕಂಡು ಕಿಟಾರನೆ ಕಿರುಚಿದರೆ ಅದು ಬ್ಯಾಲೆಯನ್ನು ಸರಿಯಾಗಿಯೇ ನೋಡಿದೆ ಎಂದು ಅರ್ಥ. ನಮ್ಮ ಕರಾವಳಿ, ಮಲೆನಾಡಿನವರಿಗೆ ಇದು ಹೊಸತಲ್ಲ. ಯಕ್ಷಗಾನದ ಆಟದಲ್ಲಿ ಚಾಪೆಯ ಮೇಲೆ ನಿದ್ದೆ ಹೋದ ಮಕ್ಕಳನ್ನು ಬಣ್ಣದ ವೇಷ ಬರುವ ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತಿದ್ದರು. ಅಬ್ಬರಿಸುತ್ತ ಬಂದ ರಕ್ಕಸನನ್ನು ಕಂಡು ಮಕ್ಕಳು ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದವು, ಮರುಕ್ಷಣ ಸೆರಗಿನ ಸಂದಿಯಿಂದ ಇಣುಕುತ್ತಿದ್ದವು. ಬಯಲಿನಲ್ಲಿ ಅದಕ್ಕೆಲ್ಲ ಅವಕಾಶವಿತ್ತು. ಅಳಬಹುದು, ಎದ್ದು ಓಡಾಡಬಹುದು, ಕಡಲೆ ತಿನ್ನಬಹುದು, ಮಲಗಬಹುದು. ನಾಲ್ಕು ಗೋಡೆಯ ರಂಗಮಂದಿರದಲ್ಲಿ ಹಾಗಿಲ್ಲ. ಅಲ್ಲಿ ಮೌನವೂ ಟಿಕೆಟ್ಟಿನ ಒಂದು ಭಾಗ. ಕಷ್ಟ ಹುಟ್ಟುವುದೇ ಇಲ್ಲಿ. ಮಗುವಿನ ವಯಸ್ಸು ಬಯಲನ್ನು ಬೇಡುತ್ತದೆ, ರಂಗಮಂದಿರ ಶಿಸ್ತನ್ನು ಬೇಡುತ್ತದೆ. ಎರಡನ್ನೂ ಸರಿತೂಗಿಸುವ ಕೆಲಸ ತಂದೆ ತಾಯಿಯದು.

ಅದಕ್ಕೆ ಕೆಲವು ದಾರಿಗಳಿವೆ. ಮೊದಲನೆಯದು ಪ್ರದರ್ಶನದ ಆಯ್ಕೆ. ಪೂರ್ಣ ಪ್ರಮಾಣದ ನಟ್‌ಕ್ರ್ಯಾಕರ್ ಮಧ್ಯಂತರವೂ ಸೇರಿ ಸುಮಾರು ಎರಡು ಗಂಟೆಯದು. ಹಲವು ದೊಡ್ಡ ರಂಗಮಂದಿರಗಳು ಐದು ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದೇ ಇಲ್ಲ. ಮಡಿಲ ಮೇಲೆ ಕೂರುವ ಕೂಸಿಗೂ ಟಿಕೆಟ್ ಕೇಳುವ ಕಡೆಗಳುಂಟು. ಹಣ ಕೊಡುವ ಮುನ್ನ ಇದನ್ನು ವಿಚಾರಿಸಿಕೊಳ್ಳಿ. ಚಿಕ್ಕವರಿಗೆಂದೇ ಮಾಡಿದ ಬ್ಯಾಲೆಗಳೂ ಇವೆ. ಇಂಗ್ಲೆಂಡಿನ ನಾರ್ದರ್ನ್ ಬ್ಯಾಲೆ ಸಂಸ್ಥೆ 2012ರಲ್ಲಿ ‘ಅಗ್ಲಿ ಡಕ್ಲಿಂಗ್’ ಕಥೆಯಿಂದ ಆರಂಭಿಸಿ ಸುಮಾರು 40 ನಿಮಿಷಗಳ ಪುಟ್ಟ ಬ್ಯಾಲೆಗಳನ್ನು ಊರೂರಿಗೆ ಒಯ್ದಿತು. ಇಂಗ್ಲಿಷ್ ನ್ಯಾಷನಲ್ ಬ್ಯಾಲೆಯ ‘ಮೈ ಫಸ್ಟ್ ಬ್ಯಾಲೆ’ ಮಾಲೆಯಲ್ಲಿ ನಿರೂಪಕರೊಬ್ಬರು ಕಥೆ ಹೇಳುತ್ತಾರೆ, ದೊಡ್ಡ ಕೃತಿಗಳು ಚಿಕ್ಕದಾಗುತ್ತವೆ. ದೀಪ ಪೂರ್ತಿ ಆರಿಸದೆ, ಸದ್ದು ತಗ್ಗಿಸಿ, ಮಕ್ಕಳು ಎದ್ದು ಹೋಗಿ ಬರಲು ಬಿಡುವ ವಿಶೇಷ ಪ್ರದರ್ಶನಗಳನ್ನೂ ಈಗ ಹಲವು ತಂಡಗಳು ಇಟ್ಟುಕೊಂಡಿವೆ. ಆಟಿಸಂ ಇರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಈ ಏರ್ಪಾಡು ಎಲ್ಲ ಎಳೆಯರಿಗೂ ಅನುಕೂಲವೇ.

ಎರಡನೆಯದು ಮನೆಯ ತಯಾರಿ. ಕಥೆಯನ್ನು ವಾರದ ಮುಂಚೆಯೇ ಹೇಳಿ, ಇಲಿರಾಜ ಬರುವುದನ್ನೂ ಅವನು ಸೋಲುವುದನ್ನೂ ಹೇಳಿ. ಗೊತ್ತಿರುವ ಕಥೆಯನ್ನು ಮತ್ತೆ ಕೇಳುವುದರಲ್ಲಿ ಮಕ್ಕಳಿಗೆ ಬೇಸರವಿಲ್ಲ, ಧೈರ್ಯವಿದೆ. ಸಂಗೀತವನ್ನು ಅಡುಗೆಮನೆಯಲ್ಲಿ ಹಾಕಿಡಿ. ಸಕ್ಕರೆ ಯಕ್ಷಿಣಿಯ ನೃತ್ಯದಲ್ಲಿ ಗಾಜಿನ ಗಂಟೆಯಂತೆ ಕೇಳುವ ವಾದ್ಯದ ಹೆಸರು ಸೆಲೆಸ್ಟಾ. ಆಗಷ್ಟೇ ಹೊಸದಾಗಿದ್ದ ಅದನ್ನು ಪ್ಯಾರಿಸ್ಸಿನಲ್ಲಿ ಕಂಡ ಚೈಕೋವ್‌ಸ್ಕಿ, ತನಗಿಂತ ಮುಂಚೆ ಬೇರೆ ಸಂಗೀತಗಾರರಿಗೆ ತಿಳಿಯಬಾರದೆಂದು ಗುಟ್ಟಾಗಿ ರಷ್ಯಾಕ್ಕೆ ತರಿಸಿಕೊಳ್ಳಲು ವ್ಯವಸ್ಥೆ ಮಾಡಿದ್ದ. ಇಂಥ ಗುಟ್ಟನ್ನು ಮಕ್ಕಳ ಕಿವಿಯಲ್ಲಿ ಉಸುರಿ ನೋಡಿ, ಅವರು ಆ ಸದ್ದಿಗಾಗಿ ಕಾಯುತ್ತಾರೆ.

ಬ್ಯಾಲೆಗೂ ಅದರದೇ ಆದ ಅಭಿನಯವಿದೆ. ತಲೆಯ ಮೇಲೆ ಎರಡೂ ಕೈಗಳನ್ನು ಸುತ್ತಿಸಿದರೆ ‘ಕುಣಿಯೋಣ’ ಎಂದರ್ಥ. ಮುಖದ ಸುತ್ತ ಕೈ ಆಡಿಸಿದರೆ ‘ಎಷ್ಟು ಚೆಂದ’. ಉಂಗುರದ ಬೆರಳು ತೋರಿಸಿದರೆ ಮದುವೆ. ಮುಷ್ಟಿ ಬಿಗಿದ ಕೈಗಳನ್ನು ಮಣಿಕಟ್ಟಿನಲ್ಲಿ ಅಡ್ಡಹಾಕಿದರೆ ಸಾವು. ನಮ್ಮ ಹಸ್ತಮುದ್ರೆಗಳನ್ನು ಅಕ್ಕನೋ ಚಿಕ್ಕಮ್ಮನೋ ಅಭ್ಯಾಸ ಮಾಡುವುದನ್ನು ಕಂಡ ಮಗುವಿಗೆ ಇದು ಆಟದಷ್ಟೇ ಸುಲಭ. ಬೆರಳ ತುದಿಯಲ್ಲಿ ನಿಲ್ಲುವುದು ಹೇಗೆ ಎಂದು ಕೇಳಿದರೆ, ಆ ಪಾದರಕ್ಷೆಯ ತುದಿಯನ್ನು ಬಟ್ಟೆ, ಕಾಗದಗಳ ಪದರಗಳಿಗೆ ಅಂಟು ಹಚ್ಚಿ ಗಟ್ಟಿ ಮಾಡಿರುತ್ತಾರೆಂದು ತಿಳಿಸಿ. ಎಲುಬು, ಸ್ನಾಯುಗಳು ಬಲಿಯುವ ಹನ್ನೊಂದು ಹನ್ನೆರಡರ ಸುಮಾರಿಗೆ ಮಾತ್ರ ಅದನ್ನು ಹಾಕಿಕೊಳ್ಳಲು ಬಿಡುತ್ತಾರೆ ಎಂಬುದನ್ನೂ ಹೇಳಿ. ಮನೆಯಲ್ಲಿ ಪ್ರಯೋಗಕ್ಕಿಳಿದು ಉಳುಕಿಸಿಕೊಳ್ಳುವುದು ತಪ್ಪುತ್ತದೆ!

ಮೂರನೆಯದು ಸಣ್ಣಪುಟ್ಟ ವ್ಯವಹಾರ. ರಾತ್ರಿಯ ಆಟಕ್ಕಿಂತ ಮಧ್ಯಾಹ್ನದ ಆಟ ಲೇಸು. ನಿದ್ದೆ, ಊಟ, ಶೌಚ ಎಲ್ಲ ಮುಗಿದಿರಲಿ. ತೀರಾ ಮುಂದಿನ ಸಾಲಿನಲ್ಲಿ ಕೂತರೆ ನರ್ತಕರ ಪಾದ ಕಾಣದೇ ಹೋಗಬಹುದು. ಸ್ವಲ್ಪ ಎತ್ತರದ ಸಾಲು ಒಳ್ಳೆಯದು, ಅದರಲ್ಲೂ ನಡೆದಾಡುವ ದಾರಿಯ ಪಕ್ಕದ ಆಸನ. ಎದ್ದು ಹೋಗಬೇಕಾಗಿ ಬಂದರೆ ಹತ್ತು ಜನರ ಮೊಣಕಾಲು ದಾಟಬೇಕಾಗಿಲ್ಲ.

ಎದ್ದು ಹೋಗುವ ಮಾತು ಬಂತಲ್ಲ, ಮುಖ್ಯವಾದ ವಿಷಯ ಅದೇ. ಮಗು ಅತ್ತರೆ ಕೂಡಲೇ ಹೊರಗೆ ಕರೆದುಕೊಂಡು ಬನ್ನಿ. ಅದು ಪಕ್ಕದವರಿಗೆ ಸಲ್ಲಬೇಕಾದ ಮರ್ಯಾದೆ. ಅವರೂ ಹಣ ಕೊಟ್ಟಿದ್ದಾರೆ, ಅವರಲ್ಲಿ ಯಾರಿಗೋ ಇದು ವರ್ಷಕ್ಕೊಂದೇ ಸಂಜೆಯಾಗಿರಬಹುದು. ಆದರೆ ಹೊರಗೆ ಬಂದ ಮೇಲೆ ಮಗುವನ್ನು ಗದರಿಸಬೇಡಿ. ಮಧ್ಯಂತರದಲ್ಲೇ ಮನೆಗೆ ಹೊರಟರೂ ಸೋತಂತಲ್ಲ. ನಟ್‌ಕ್ರ್ಯಾಕರಿನ ಮೊದಲ ಅಂಕದಲ್ಲಿ ಕಥೆಯಿದೆ, ಮಕ್ಕಳಿದ್ದಾರೆ, ಯುದ್ಧವಿದೆ, ಹಿಮ ಸುರಿಯುತ್ತದೆ. ಎರಡನೆಯ ಅಂಕ ಒಂದರ ಹಿಂದೊಂದು ನೃತ್ಯ. ಪುಟ್ಟ ಮಗು ಮೊದಲರ್ಧ ಕಣ್ಣರಳಿಸಿ ನೋಡಿ ಎರಡನೆಯದರಲ್ಲಿ ತೂಕಡಿಸಿದರೆ ಅದು ತನ್ನ ಪಾಲನ್ನು ಪಡೆದುಕೊಂಡಿದೆ. ‘ಇಷ್ಟು ದುಡ್ಡು ಕೊಟ್ಟು ತಂದರೆ ನಿದ್ದೆ ಮಾಡ್ತೀಯಾ?’ ಎಂಬ ಒಂದು ಮಾತು ಸಾಕು, ರಂಗಮಂದಿರ ಎಂದರೆ ಪರೀಕ್ಷೆಯ ಕೊಠಡಿ ಎಂದು ಅದರ ಮನಸ್ಸಿನಲ್ಲಿ ನಾಟಲು.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಹೋಗದಿದ್ದರೆ ಕಳೆದುಕೊಳ್ಳುವುದೇನು? ಇಲ್ಲಿ ಎರಡು ಕಥೆ ಹೇಳಬೇಕು. ಸೇಂಟ್ ಪೀಟರ್ಸ್‌ಬರ್ಗಿನ ಬಡ ಅಗಸಗಿತ್ತಿಯೊಬ್ಬಳು ತನ್ನ ಎಂಟು ಒಂಬತ್ತರ ಮಗಳನ್ನು ಹೇಗೋ ಹಣ ಹೊಂದಿಸಿ ‘ಸ್ಲೀಪಿಂಗ್ ಬ್ಯೂಟಿ’ ಬ್ಯಾಲೆಗೆ ಕರೆದೊಯ್ದಳು. ಆ ಹುಡುಗಿ ನಾನೂ ಕುಣಿಯುತ್ತೇನೆ ಎಂದಳು. ಶಾಲೆಯವರು ವಯಸ್ಸು ಸಾಲದೆಂದು ಹಿಂದೆ ಕಳಿಸಿದರು. 1891ರಲ್ಲಿ ಹತ್ತು ತುಂಬಿದಾಗ ಸೇರಿಸಿಕೊಂಡರು. ಆಕೆ ಆನಾ ಪಾವ್ಲೋವಾ. ಮುಂದೆ ಲೋಕ ಸುತ್ತಿದ ಆಕೆಯ ಪ್ರಭಾವದಿಂದಲೇ ನಮ್ಮ ರುಕ್ಮಿಣೀ ದೇವಿ ಬ್ಯಾಲೆ ಕಲಿತರು, ನಿನ್ನ ನಾಡಿನ ಕಲೆಯತ್ತ ನೋಡು ಎಂಬ ಆಕೆಯ ಸಲಹೆಯಿಂದ ಭರತನಾಟ್ಯದತ್ತ ಹೊರಳಿದರು. 1936ರಲ್ಲಿ ಕಲಾಕ್ಷೇತ್ರ ಹುಟ್ಟಿತು. ಬೆಂಗಳೂರಿನಲ್ಲಿ ಹುಟ್ಟಿ ಭಾರತೀಯ ನೃತ್ಯವನ್ನು ಯುರೋಪಿಗೆ ಒಯ್ದ ರಾಮ್ ಗೋಪಾಲ್ ಅವರನ್ನೂ ಇಲ್ಲಿ ನೆನೆಯಬೇಕು. ಒಂದು ನಾಡಿನ ಕುಣಿತ ನೋಡಿದ ಕಣ್ಣು ಇನ್ನೊಂದು ನಾಡಿನದಕ್ಕೆ ಕುರುಡಾಗುವುದಿಲ್ಲ.

ಎರಡನೆಯದು ಊಫಾ ಎಂಬ ಊರಿನದು. ಯುದ್ಧ ಆಗಷ್ಟೇ ಮುಗಿದಿತ್ತು, ಮನೆಯಲ್ಲಿ ಹೊಟ್ಟೆಗಿಲ್ಲದ ಬಡತನ. 1945ರ ಕೊನೆಯ ರಾತ್ರಿ ಒಬ್ಬ ತಾಯಿ ಒಂದೇ ಒಂದು ಟಿಕೆಟ್ ಹಿಡಿದು, ಬಾಗಿಲಿನ ನೂಕುನುಗ್ಗಲಿನಲ್ಲಿ ಮೂವರು ಹೆಣ್ಣುಮಕ್ಕಳನ್ನೂ ಏಳು ವರ್ಷದ ಮಗನನ್ನೂ ಒಳಗೆ ಸೇರಿಸಿದಳು. ಕೊಕ್ಕರೆಗಳ ಕಥೆಯ ಆ ಬ್ಯಾಲೆ ನೋಡಿದ ಹುಡುಗ ಅಂದೇ ನರ್ತಕನಾಗಬೇಕೆಂದು ನಿರ್ಧರಿಸಿದ. ಅವನು ರುಡಾಲ್ಫ್ ನುರೆಯೆವ್.

ಇದನ್ನು ಓದಿ ನಿಮ್ಮ ಮಗುವಿನಲ್ಲೂ ನುರೆಯೆವ್‌ನನ್ನು ಹುಡುಕಲು ಹೊರಡಬೇಡಿ. ನೋಡಿದ ಸಾವಿರ ಮಕ್ಕಳಲ್ಲಿ ಬಹುಮಟ್ಟಿಗೆ ಎಲ್ಲರೂ ಬೇರೇನೋ ಆಗುತ್ತಾರೆ, ಆಗಲಿ. ಆ ರಾತ್ರಿ ನುರೆಯೆವ್‌ನ ಮೂವರು ಅಕ್ಕಂದಿರೂ ಅದೇ ಬ್ಯಾಲೆ ನೋಡಿದ್ದರು ಎಂಬುದನ್ನು ಮರೆಯಬೇಡಿ. ತಾಯಿ ಲೆಕ್ಕ ಹಾಕಿ ಒಬ್ಬನನ್ನು ಆರಿಸಿಕೊಂಡು ಹೋಗಲಿಲ್ಲ, ನಾಲ್ವರನ್ನೂ ಕರೆದೊಯ್ದಳು. ಬಡತನದ ನಡುವೆಯೂ ಚೆಲುವಾದದ್ದೊಂದು ಮಕ್ಕಳಿಗೆ ಸೇರಬೇಕು ಎಂದು ಅವಳಿಗೆ ಅನಿಸಿರಬೇಕು. ಅದೇ ಸಾಕಾದ ಕಾರಣ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ತಂಗಿಯನ್ನೋ ಅಕ್ಕನ ಮಗುವನ್ನೋ ಇಂಥ ಕಡೆ ಕರೆದೊಯ್ಯುವ ಜವಾಬ್ದಾರಿ ನಿಮ್ಮ ಮೇಲೆ ಬಿದ್ದರೆ ಗೊಣಗಬೇಡಿ. ಅಪ್ಪ ಅಮ್ಮನಿಗಿಂತ ಚೆನ್ನಾಗಿ ಕಥೆ ಹೇಳಬಲ್ಲವರು ನೀವೇ. ಬ್ಯಾಲೆಯೇ ಆಗಬೇಕೆಂದೂ ಇಲ್ಲ. ಬೆಂಗಳೂರಿನ ರಂಗಶಂಕರ ‘ಆಹಾ!’ ಎಂಬ ಹೆಸರಿನಲ್ಲಿ ಮಕ್ಕಳಿಗಾಗಿಯೇ ರಂಗೋತ್ಸವ ನಡೆಸಿಕೊಂಡು ಬಂದಿದೆ. ಅಲ್ಲಿ ತಡವಾಗಿ ಬಂದವರಿಗೆ ಪ್ರವೇಶವಿಲ್ಲ, ನೆನಪಿರಲಿ. ಊರ ಜಾತ್ರೆಯ ಬಯಲಾಟವಿದ್ದರೆ ಇನ್ನೂ ಸುಲಭ, ಒಂದು ಚಾಪೆ, ಒಂದು ಶಾಲು ಸಾಕು.

ಕೊನೆಯದಾಗಿ, ಮನೆಗೆ ಮರಳುವ ದಾರಿಯಲ್ಲಿ ‘ಏನು ಅರ್ಥವಾಯಿತು ಹೇಳು’ ಎಂದು ಮಗುವನ್ನು ಕೇಳಬೇಡಿ. ಎರಡು ದಿನ ಸುಮ್ಮನೆ ಕಾಯಿರಿ. ನಡುಮನೆಯಲ್ಲಿ ಅದು ದಿಂಬನ್ನು ಇಲಿರಾಜನನ್ನಾಗಿ ಮಾಡಿ, ನಿಮ್ಮ ಚಪ್ಪಲಿಯನ್ನು ಅದರತ್ತ ಎಸೆಯುವುದನ್ನು ನೀವೇ ನೋಡುವಿರಿ.