ದಿನಕ್ಕೊಂದೇ ಪದ

ಮಕ್ಕಳೇ, ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆ ಒಂದು ಜಗಳವೂ ಇರುತ್ತದೆ. ಕಾರಣ ವರ್ಡಲ್ ಆಟ. ಐದಕ್ಷರದ ಇಂಗ್ಲಿಷ್ ಪದ, ಊಹಿಸಲು ಆರು ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಜಾಗ ತಪ್ಪಿದ್ದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು.

“ದಿನಕ್ಕೆ ಒಂದೇ ಅಂದ್ರೆ ಅನ್ಯಾಯ ತಾತ!” ಎನ್ನುತ್ತಾಳೆ ಮೊಮ್ಮಗಳು. ನನಗೋ ಅದೇ ಇಷ್ಟ. ಒಂದು ಮುಗಿದರೆ ಫೋನು ಕೆಳಗಿಡಲೇಬೇಕು.

ಇದನ್ನು ಮಾಡಿದವರು ಜೋಶ್ ವಾರ್ಡಲ್ ಎಂಬ ಎಂಜಿನಿಯರ್, ಪದದಾಟದ ಹುಚ್ಚಿದ್ದ ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ. ಸುಮಾರು 12,000 ಪದಗಳನ್ನು ಸೋಸಿ, ಜನಕ್ಕೆ ಗೊತ್ತಿರುವಂಥ 2,500ರಷ್ಟನ್ನು ಉಳಿಸಿದವರು ಆಕೆಯೇ. 2021ರ ನವೆಂಬರ್ 1ರಂದು ಆಡಿದವರು 90 ಮಂದಿ. ಎರಡೇ ತಿಂಗಳಲ್ಲಿ ಮೂರು ಲಕ್ಷ!

ಆಡುವವರು ಹೆಚ್ಚಿದಂತೆ ದೂರುಗಳೂ ಹೆಚ್ಚಿದವು. 2022ರ ಜನವರಿ 12ರ ಉತ್ತರ ‘ಫೇವರ್’, ಅದೂ ‘ಯು’ ಇಲ್ಲದ ಅಮೆರಿಕದ ಸ್ಪೆಲಿಂಗು. ಬ್ರಿಟನ್ನಿನ ಆಟಗಾರರು ಸಿಡಿಮಿಡಿಗೊಂಡರು. ನಮ್ಮಲ್ಲೂ ಕಣ್ಣೀರು! ಶಾಲೆಯಲ್ಲಿ ಕಲಿಸಿದ್ದು ಆರಕ್ಷರದ ‘ಫೇವರ್’ ತಾನೆ? ಸತತ ಇಪ್ಪತ್ತು ದಿನ ಗೆದ್ದವಳು ಅಂದು ಸೋತಳು. ಅದೇ ತಿಂಗಳ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆಟವನ್ನು ಕೊಂಡುಕೊಂಡಿತು. ಪದಗಳು ಕಷ್ಟವಾದವೆಂದು ಆಮೇಲೆ ಹಲವರು ಗೊಣಗಿದರು. ಪಟ್ಟಿ ಮಾತ್ರ ಹೆಚ್ಚುಕಡಿಮೆ ಹಳೆಯದೇ ಆಗಿತ್ತು. ಸೋತವರಿಗೆ ನೆಲ ಡೊಂಕು, ನಾನೂ ಗೊಣಗಿದವನೇ.

ನಿನ್ನೆ ಅವಳು ಐದು ಸಾಲು ಮುಗಿಸಿ ಉಗುರು ಕಚ್ಚುತ್ತಿದ್ದಳು. ನನಗೆ ಪದ ಹೊಳೆದಿತ್ತು. ತುಟಿ ಬಿಚ್ಚಲಿಲ್ಲ. ಕೊನೆಯ ಸಾಲು ಹಸಿರಾದಾಗ ಕುಣಿದು, “ತಾತ, ನಿಂಗೆ ಗೊತ್ತಾಗಿರ್ಲಿಲ್ಲ ಅಲ್ವಾ?” ಎಂದಳು.

“ಎಲ್ಲಿ ಗೊತ್ತಾಗತ್ತಮ್ಮಾ” ಎಂದು ಕಾಫಿ ಲೋಟ ಎತ್ತಿಕೊಂಡೆ.